ಪ್ಲೇಗಿಗೂ ಹಿಂದಿನ ಗೆರೆ: ಮಲ್ಲೇಶ್ವರ, ಬಸವನಗುಡಿಗಳ ಹುಟ್ಟು ಕುರಿತು

ಬೆಂಗಳೂರಿನ ಮಲ್ಲೇಶ್ವರ ಮತ್ತು ಬಸವನಗುಡಿ ಪ್ಲೇಗಿನಿಂದ ಹುಟ್ಟಿದ ಬಡಾವಣೆಗಳು ಎಂಬ ಮಾತು ಊರಿನ ಚರಿತ್ರೆಯಲ್ಲಿ ನೆಲೆಯೂರಿಬಿಟ್ಟಿದೆ. 1898ರ ಆಗಸ್ಟ್‌ನಲ್ಲಿ ಮಾರಿ ಬಂತು, ಪೇಟೆಯ ಇಕ್ಕಟ್ಟಿನ ಬೀದಿಗಳನ್ನು ಬಿಟ್ಟು ಜನ ಓಡಿದರು, ಸರ್ಕಾರ ಅವರಿಗಾಗಿ ಬಯಲಿನಲ್ಲಿ ನಿವೇಶನ ಮಾಡಿಕೊಟ್ಟಿತು ಎಂಬುದು ಆ ಕಥೆ. ಜನ ಓಡಿದ್ದು ನಿಜ, ನಿವೇಶನ ಕೊಟ್ಟದ್ದೂ ನಿಜ. ಆದರೆ ಇವೆರಡರ ನಡುವೆ ಕಥೆ ಹೆಣೆದಿರುವ ಕಾರ್ಯಕಾರಣ ಸಂಬಂಧ ಸಡಿಲವಾದದ್ದು. ರೋಗ ಈ ಬಡಾವಣೆಗಳನ್ನು ತುಂಬಿಸಿತು. ಅವುಗಳ ಗೆರೆ ಎಳೆದದ್ದು ರೋಗವಲ್ಲ ಎಂಬುದು ಈ ಲೇಖನದ ವಾದ.

ಮೊದಲಿಗೆ ಕಾಲಾನುಕ್ರಮವನ್ನೇ ನೋಡೋಣ. ಪೇಟೆಗೆ ತಾಗಿದಂತೆ ಚಾಮರಾಜಪೇಟೆ ರೂಪುಗೊಂಡದ್ದು 1892ರಲ್ಲಿ. ಆಗ ದಿವಾನರಾಗಿದ್ದವರು ಕೆ. ಶೇಷಾದ್ರಿ ಅಯ್ಯರ್. ಬಸವನಗುಡಿ, ಮಲ್ಲೇಶ್ವರಗಳ ಯೋಚನೆಯೂ ಅದೇ ದಶಕದಲ್ಲಿ, ಪ್ಲೇಗಿಗೆ ಮುಂಚೆಯೇ ಮೊದಲಾಗಿತ್ತು. ಮುಂಬಯಿಗೆ ಪ್ಲೇಗು ಬಂದದ್ದೇ 1896ರಲ್ಲಿ. ಹಾಗಾದರೆ ಊರನ್ನು ಹೊರಕ್ಕೆ ತಳ್ಳುತ್ತಿದ್ದುದು ಏನು? ದಂಡು ಪ್ರದೇಶವನ್ನೂ ಸೇರಿಸಿ ಬೆಂಗಳೂರಿನ ಜನಸಂಖ್ಯೆ 1881ರಲ್ಲಿ 1,55,857, 1891ರಲ್ಲಿ 1,80,366. ಅರಸರು ಮೈಸೂರಿನಲ್ಲಿದ್ದರೂ ಸಂಸ್ಥಾನದ ಕಚೇರಿಗಳು ಬೆಂಗಳೂರಿನಲ್ಲೇ ಉಳಿದವು. ಅವುಗಳ ಜೊತೆ ಗುಮಾಸ್ತರು, ವಕೀಲರು, ಮೇಷ್ಟರು ಬಂದು ನೆಲೆಸಿದರು. ಪೇಟೆಯ ಮನೆಗಳು ಇವರಿಗೆಂದು ಕಟ್ಟಿದವಲ್ಲ. ಇನ್ನು ನೀರಿನ ವಿಷಯ. ಧಾತು ಈಶ್ವರ ಸಂವತ್ಸರಗಳ ಬರವನ್ನು ಕಂಡ ಊರಿನಲ್ಲಿ ಕೆರೆ ಬಾವಿಗಳನ್ನೇ ನಂಬಿ ಹೊಸ ಬಡಾವಣೆ ಹರಡುವುದು ಕಷ್ಟವಿತ್ತು. ಅರ್ಕಾವತಿಯ ಹೆಸರಘಟ್ಟ ಕೆರೆಯಿಂದ ಕೊಳವೆಯಲ್ಲಿ ನೀರು ಬಂದದ್ದು 1896ರಲ್ಲಿ, ಪ್ಲೇಗಿಗೆ ಎರಡು ವರ್ಷ ಮೊದಲು. ನನ್ನ ದೃಷ್ಟಿಯಲ್ಲಿ ಈ ಬಡಾವಣೆಗಳ ಚರಿತ್ರೆಗೆ ಆ ಕೊಳವೆ ಪ್ಲೇಗಿಗಿಂತ ಹತ್ತಿರದ್ದು.

ನಕ್ಷೆ ಬೇರೆ, ಊರು ಬೇರೆ. ಜನರನ್ನು ಕರೆತಂದದ್ದು ಪ್ಲೇಗೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಆಕ್ಷೇಪಣೆ ತೂಕವುಳ್ಳದ್ದು. 1901ರ ಗಣತಿಯಲ್ಲಿ ಬೆಂಗಳೂರಿನ ಜನಸಂಖ್ಯೆ 1,59,046ಕ್ಕೆ ಇಳಿದಿದೆ. ಇಪ್ಪತ್ತು ಸಾವಿರಕ್ಕೂ ಮಿಕ್ಕಿದ ಈ ಕುಸಿತದ ಹಿಂದೆ ಸತ್ತವರೂ ಇದ್ದಾರೆ, ಊರು ಬಿಟ್ಟು ಹಿಂದಿರುಗದವರೂ ಇದ್ದಾರೆ. ಅಂಥ ಭಯವಿಲ್ಲದಿದ್ದರೆ ಪೇಟೆಯ ಸಂಸಾರಗಳು ಆ ದೂರದ ಬಯಲಿಗೆ ಅಷ್ಟು ಬೇಗ ಹೋಗುತ್ತಿರಲಿಲ್ಲ ಎಂಬುದನ್ನು ಒಪ್ಪಲೇಬೇಕು. ಆದರೆ ಪ್ಲೇಗಿಗೆ ಇದರಿಂದ ಸಲ್ಲುವುದು ವೇಗದ ಲೆಕ್ಕ ಮಾತ್ರ. ಎಂಥ ಊರು ಕಟ್ಟಬೇಕು, ಯಾರಿಗೆ ಎಲ್ಲಿ ಜಾಗ ಕೊಡಬೇಕು ಎಂಬ ತೀರ್ಮಾನಗಳ ಬೇರು ಬೇರೆ ಕಡೆ ಇದೆ.

ಆ ತೀರ್ಮಾನಗಳನ್ನು ನೆಲದ ಮೇಲೆಯೇ ಓದಬಹುದು. ಬಳೇಪೇಟೆ, ಅಕ್ಕಿಪೇಟೆ, ಕುಂಬಾರಪೇಟೆ ಎಂಬ ಹೆಸರುಗಳೇ ಹೇಳುವಂತೆ ಹಳೆಯ ಪೇಟೆ ಕಸುಬಿನ ಊರು. ಮುಂದೆ ಅಂಗಡಿ ಅಥವಾ ಮಗ್ಗ, ಹಿಂದೆ ಅಡುಗೆಮನೆ. ದುಡಿಮೆ, ಸಂಸಾರ ಎರಡೂ ಒಂದೇ ಸೂರಿನಡಿ. ಹೊಸ ಬಡಾವಣೆ ಇದನ್ನು ಮುರಿದು, ಮನೆಗೆಂದೇ ಮೀಸಲಾದ ಬೀದಿಯನ್ನು ತಂದಿತು. ಮಲ್ಲೇಶ್ವರದ ಹಳೆಯ ಮನೆಯೊಂದನ್ನು ಮುಂದಿನಿಂದ ಹಿಂದಕ್ಕೆ ನಡೆದು ನೋಡಿ: ಗೇಟು, ಕಾಂಪೌಂಡು, ಜಗಲಿ, ನಡುಮನೆ, ಅಡುಗೆಮನೆ, ಬಾವಿ, ಹಿತ್ತಿಲು, ಹಿತ್ತಿಲ ಗೋಡೆಯ ಆಚೆಗೆ ಎರಡು ಸಾಲು ಮನೆಗಳ ಬೆನ್ನಿನ ನಡುವೆ ಹಾಯ್ದ ಕಿರಿದಾದ ಗಲ್ಲಿ. ಅದಕ್ಕೆ ಕನ್ಸರ್ವೆನ್ಸಿ ಗಲ್ಲಿ ಎಂದು ಹೆಸರು. ಒಳಚರಂಡಿ ಇಲ್ಲದ ಕಾಲದಲ್ಲಿ ಮಲ ಹೊರುವವರು ಮನೆಯ ಮುಂಬಾಗಿಲಿಗೆ ಬಾರದೆ ಹಿಂದಿನಿಂದ ಬಂದು ಕಕ್ಕಸು ಶುಚಿ ಮಾಡಿ ಹೋಗಲೆಂದು ಮಾಡಿದ ದಾರಿ ಅದು. ಅಗಲದ ರಸ್ತೆ, ಗಾಳಿ, ಬೆಳಕು ಎಂಬ ಆರೋಗ್ಯದ ಕಲ್ಪನೆ ಕೆಟ್ಟ ಗಾಳಿಯೇ ರೋಗಕ್ಕೆ ಮೂಲವೆಂದು ನಂಬಿದ್ದ ಕಾಲರಾ ಕಾಲದ್ದು. ಪ್ಲೇಗು ಇಲಿಯ ಚಿಗಟದಿಂದ ಹರಡುತ್ತದೆಂದು ಪಾಲ್ ಲೂಯಿ ಸಿಮೊಂ ಕಂಡುಕೊಂಡದ್ದೇ 1898ರಲ್ಲಿ. ಆ ಗಲ್ಲಿಯಲ್ಲಿ ಆರೋಗ್ಯಶಾಸ್ತ್ರವೂ ಜಾತಿಯೂ ಒಂದೇ ಗೆರೆಯಾಗಿ ಕೂಡಿಕೊಂಡಿವೆ. ಈಗ ಕೆಲವು ಗಲ್ಲಿಗಳ ಗೋಡೆಗೆ ಚೆಂದದ ಚಿತ್ರ ಬರೆಯಲಾಗಿದೆ. ಅಲ್ಲಿ ತಲೆಯ ಮೇಲೆ ಮಲ ಹೊತ್ತು ನಡೆದವರ ನೆನಪಿಗೂ ಒಂದಷ್ಟು ಗೋಡೆ ಸಲ್ಲಬೇಕು.

ಜಾತಿಯ ಗೆರೆ ಗಲ್ಲಿಗೇ ನಿಲ್ಲಲಿಲ್ಲ. ಎರಡೂ ಬಡಾವಣೆಗಳಲ್ಲಿ ಒಂದೊಂದು ಸಮುದಾಯಕ್ಕೆ ಒಂದೊಂದು ಭಾಗವೆಂದು ನಿವೇಶನ ವಿಂಗಡಿಸಲಾಯಿತು. ಪೇಟೆಯಲ್ಲೂ ಜಾತಿಗೊಂದು ಕೇರಿ ಇತ್ತಲ್ಲ, ಸರ್ಕಾರ ರೂಢಿಯನ್ನು ಅನುಸರಿಸಿತಷ್ಟೆ ಎನ್ನುವ ಸಮಾಧಾನ ಸಾಲದು. ಪೇಟೆಯ ಕೇರಿಗಳು ಕಸುಬಿನ ಸುತ್ತ ತಲೆಮಾರುಗಳಲ್ಲಿ ಬೆಳೆದವು. ಇಲ್ಲಿ ಕಸುಬನ್ನು ಹೊರಗಿಟ್ಟು, ಬರಿಯ ಜಾತಿಯನ್ನು ನಕ್ಷೆಯ ಮೇಲೆ ಹೊಸದಾಗಿ ಬರೆದದ್ದು ಆಧುನಿಕವೆಂದು ಹೆಸರಾದ ಆಡಳಿತ. ಪ್ಲೇಗಿನ ಕಥೆ ಈ ಹೊಣೆಯನ್ನು ಮರೆಸುತ್ತದೆ.

ಅದು ಮರೆಸುವ ಇನ್ನೊಂದು ಸಂಗತಿ, ಇದು ಬರಿಯ ಬಯಲಾಗಿರಲಿಲ್ಲ ಎಂಬುದು. ಕಾಡುಮಲ್ಲೇಶ್ವರ ದೇವಾಲಯದ ಬಳಿಯ 1669ರ ಶಾಸನ ಶಿವಾಜಿಯ ಮಲಸಹೋದರ ಏಕೋಜಿಯ ಕಾಲದ್ದು; ಮಲ್ಲಪುರದ ದೇವರಿಗೆ ಮೇದರನಿಂಗನಹಳ್ಳಿ ದತ್ತಿಯಾದುದನ್ನು ಅದು ಹೇಳುತ್ತದೆ. ಬಸವನಗುಡಿಯ ನೆಲದಲ್ಲಿ ಸುಂಕೇನಹಳ್ಳಿ ಇತ್ತು, ಪಕ್ಕದಲ್ಲಿ ಗವಿಪುರ, ಮಾವಳ್ಳಿಗಳಿದ್ದವು, ಕಡಲೆಕಾಯಿ ಹೊಲಗಳಿದ್ದವು. ಕಾರ್ತಿಕದ ಕಡೆಯ ಸೋಮವಾರ ಇಂದಿಗೂ ಅಲ್ಲಿ ಪರಿಷೆ ಸೇರುತ್ತದೆ. ಈ ಬಡಾವಣೆಗಳ ಚರಿತ್ರೆ ಬರೆಯುವವರು 1898ನ್ನು ಮೊದಲ ಪುಟಕ್ಕೆ ಇಡುವುದನ್ನು ಬಿಟ್ಟು, ಮೇದರನಿಂಗನಹಳ್ಳಿ ಮತ್ತು ಸುಂಕೇನಹಳ್ಳಿಯ ಹೆಸರುಗಳಿಂದ ಶುರು ಮಾಡಬೇಕು.