ಮಣ್ಣಿನ ಪಾರಿವಾಳ

ವಸ್ತುವು ಅಳಿದ ಮೇಲೆಯೂ ಅದರ ಹೆಸರು ಉಳಿಯುವುದುಂಟು. ಹಾರುವ ಬಿಲ್ಲೆಯನ್ನು ಚರೆಕೋವಿಯಿಂದ ಹೊಡೆಯುವ ಆಟವನ್ನು ಕಲಿಯಹೊರಟವನು ಸರದಿ ಬಂದಾಗ ಕೂಗಿ ಹೇಳುವ ಮಾತು ‘ಪುಲ್’, ಎಂದರೆ ‘ಎಳೆ’. ಇಂದು ಎಳೆಯುವ ಹಗ್ಗವಿಲ್ಲ. ಯಂತ್ರವೇ ಬಿಲ್ಲೆಯನ್ನು ಚಿಮ್ಮಿಸುತ್ತದೆ. ಆ ಯಂತ್ರದ ಹೆಸರು ‘ಟ್ರ್ಯಾಪ್’, ಎಂದರೆ ಬೋನು. ಅದರೊಳಗೆ ಸೆರೆಯಾದ ಜೀವವಿಲ್ಲ. ಬಿಲ್ಲೆಗೆ ‘ಮಣ್ಣಿನ ಪಾರಿವಾಳ’ವೆಂದು ಹೆಸರು, ಅದಕ್ಕೆ ರೆಕ್ಕೆಯಿಲ್ಲ. ಈ ಮಾತುಗಳ ಮೂಲವನ್ನು ವಿಚಾರಿಸಿದರೆ ಒಂದು ಕರುಣಾಜನಕವಾದ ಇತಿಹಾಸವು ನಮ್ಮೆದುರು ತೆರೆಯುತ್ತದೆ.

ಹದಿನೆಂಟನೆಯ ಶತಮಾನದ ಕೊನೆಯ ವೇಳೆಗೆ ಇಂಗ್ಲೆಂಡಿನಲ್ಲಿ ಜೀವಂತ ಪಾರಿವಾಳಗಳನ್ನು ಪೆಟ್ಟಿಗೆಯಲ್ಲಿರಿಸಿ, ಹಗ್ಗವೆಳೆದು ಪೆಟ್ಟಿಗೆಯನ್ನು ತೆರೆದು, ಹಾರಿದೊಡನೆ ಹೊಡೆಯುವ ಪಂದ್ಯವು ರೂಢಿಯಲ್ಲಿದ್ದಿತು. ಮುಂದೆ ಅದು ಅಮೆರಿಕಕ್ಕೂ ಹಬ್ಬಿತು. ಅಲ್ಲಿ ‘ಪ್ಯಾಸೆಂಜರ್’ ಎಂಬ ಜಾತಿಯ ಕಾಡುಪಾರಿವಾಳಗಳು ಬಾನನ್ನೇ ಮರೆಮಾಡುವಂಥ ಹಿಂಡುಗಳಲ್ಲಿ ಸಂಚರಿಸುತ್ತಿದ್ದವು. ಅವುಗಳನ್ನು ಬಲೆಯೊಡ್ಡಿ ಹಿಡಿದು ಪಂದ್ಯದ ಬಯಲುಗಳಿಗೆ ಸಾವಿರಗಟ್ಟಲೆ ಸಾಗಿಸಿದರು. ಮಾಂಸದ ವ್ಯಾಪಾರ ಮತ್ತು ಕಾಡುಗಳ ನಾಶ ಇವೇ ಆ ಕುಲದ ಕ್ಷಯಕ್ಕೆ ಮುಖ್ಯ ಕಾರಣಗಳು. ಆದರೆ ಪಂದ್ಯಕ್ಕೂ ಆ ಪಾಪದಲ್ಲಿ ಪಾಲಿದ್ದಿತು.

ಹಕ್ಕಿಗೆ ಬದಲಾಗಿ ಗಾಜಿನ ಗುಂಡುಗಳನ್ನು ಎಸೆಯುವ ಪದ್ಧತಿಯು ಮೊದಲು ಬಂದಿತು. 1877ರಲ್ಲಿ ಆಡಂ ಬೊಗಾರ್ಡಸ್ ಎಂಬ ಪ್ರಸಿದ್ಧ ಗುರಿಕಾರನು ಅವುಗಳನ್ನು ಎಸೆಯುವ ಯಂತ್ರವೊಂದಕ್ಕೆ ಹಕ್ಕುಪತ್ರ ಪಡೆದನು. ಒಡೆದಾಗ ಹಕ್ಕಿಯ ನೆನಪಾಗಲೆಂದು ಕೆಲವು ಗುಂಡುಗಳೊಳಗೆ ಗರಿಗಳನ್ನು ತುಂಬುತ್ತಿದ್ದರಂತೆ! ಆದರೆ ಬಯಲೆಲ್ಲ ಗಾಜಿನ ಚೂರು. ಗುಂಡಿನ ಹಾರಾಟದಲ್ಲಿ ಹಕ್ಕಿಯ ಚೆಲುವೂ ಇರಲಿಲ್ಲ. 1880ರಲ್ಲಿ ಸಿನ್ಸಿನ್ಯಾಟಿ ನಗರದ ಜಾರ್ಜ್ ಲಿಗೌಸ್ಕಿ ಎಂಬಾತನು ಸುಟ್ಟ ಮಣ್ಣಿನ ಬಿಲ್ಲೆಯನ್ನು ರೂಪಿಸಿದನು. ಹುಡುಗರು ಚಪ್ಪಟೆಯಾದ ಚಿಪ್ಪುಗಳನ್ನು ನೀರಿನ ಮೇಲೆ ಕುಪ್ಪಳಿಸುವಂತೆ ಎಸೆಯುತ್ತಿದ್ದುದನ್ನು ಕಂಡು ಅವನಿಗೆ ಇದು ಹೊಳೆಯಿತೆಂದು ಹೇಳುವರು. ನಮ್ಮ ಕೆರೆಯ ದಡದಲ್ಲಿ ಹೆಂಚಿನ ಚೂರನ್ನು ಹಾಗೆ ಎಸೆದು ನೋಡದ ವಿದ್ಯಾರ್ಥಿ ಯಾರು?

ಇಂದಿನ ಬಿಲ್ಲೆ ಮಣ್ಣಿನದಲ್ಲ. ಸುಣ್ಣಕಲ್ಲಿನ ಪುಡಿ ಮತ್ತು ಡಾಂಬರಿನಂಥ ಅಂಟು ಸೇರಿಸಿ ಮಾಡಿದ್ದು. ಅಗಲ ಸುಮಾರು 11 ಸೆಂಟಿಮೀಟರು, ತೂಕ ಸುಮಾರು 105 ಗ್ರಾಂ. ಯಂತ್ರದ ಎಸೆತವನ್ನು ತಾಳಬೇಕು, ಕೆಲವೇ ಚರೆಗಳು ತಾಕಿದರೆ ಒಡೆಯಬೇಕು. ಅದೇ ಅದರ ಹದ. ಕಲಿಯುವವನು ಕಣ್ಣು ಕಿವಿಗಳಿಗೆ ರಕ್ಷಣೆ ಧರಿಸಿ, ತನ್ನ ಸರದಿ ಬಂದಾಗ ಮಾತ್ರ ತೋಟಾ ತುಂಬತಕ್ಕದ್ದು. ಬಿಲ್ಲೆ ಇರುವೆಡೆಗಲ್ಲ, ಅದು ತಲಪುವೆಡೆಗೆ ಕೋವಿಯನ್ನು ಸಾಗಿಸುತ್ತಲೇ ಹೊಡೆಯಬೇಕು. ಸಾಗುವ ಕೈ ನಿಂತರೆ ಗುರಿ ತಪ್ಪಿತು. 1962ರಲ್ಲಿ ಕೈರೋದ ವಿಶ್ವಸ್ಪರ್ಧೆಯಲ್ಲಿ ಬಿಕಾನೇರಿನ ಕರಣಿ ಸಿಂಗರೂ, 2004ರಲ್ಲಿ ಅಥೆನ್ಸಿನ ಒಲಿಂಪಿಕ್ಸಿನಲ್ಲಿ ರಾಜ್ಯವರ್ಧನ ಸಿಂಗ್ ರಾಠೋಡರೂ ರಜತಪದಕ ಗಳಿಸಿದುದು ಇಂಥ ಬಿಲ್ಲೆಗಳನ್ನು ಒಡೆದೇ.

ಆದರೆ ಬದಲಿ ವಸ್ತು ದೊರೆತ ಮಾತ್ರಕ್ಕೆ ಮನಸ್ಸು ಬದಲಾಗಲಿಲ್ಲ. ಬಿಲ್ಲೆ ಹುಟ್ಟಿದ ಮರುವರ್ಷವೇ, 1881ರಲ್ಲಿ, ನ್ಯೂಯಾರ್ಕಿನ ಕೋನಿ ಐಲೆಂಡಿನ ಪಂದ್ಯಕ್ಕೆ ಸುಮಾರು 20,000 ಕಾಡುಪಾರಿವಾಳಗಳನ್ನು ತರಿಸಿದರು. 1900ರ ಪ್ಯಾರಿಸ್ ಕ್ರೀಡೆಗಳಲ್ಲಿಯೂ ಜೀವಂತ ಹಕ್ಕಿಗಳನ್ನು ಹೊಡೆದರು. ಇಂಗ್ಲೆಂಡಿನಲ್ಲಿ ಸೆರೆಹಕ್ಕಿಗಳನ್ನು ಹೊಡೆಯುವುದನ್ನು ಶಾಸನವು ನಿಷೇಧಿಸಿದುದು 1921ರಲ್ಲಿ.

ಅಷ್ಟರಲ್ಲಿ ಕಾಲವು ಮೀರಿದ್ದಿತು. ಮಾರ್ತಾ ಎಂದು ಹೆಸರಿಟ್ಟಿದ್ದ ಕೊನೆಯ ಪ್ಯಾಸೆಂಜರ್ ಪಾರಿವಾಳವು 1914ರ ಸೆಪ್ಟೆಂಬರ್ 1ರಂದು ಮೃಗಾಲಯವೊಂದರ ಪಂಜರದಲ್ಲಿ ಸತ್ತಿತು. ಆ ಮೃಗಾಲಯವಿರುವುದು ಸಿನ್ಸಿನ್ಯಾಟಿಯಲ್ಲಿಯೇ. ಮಣ್ಣಿನ ಪಾರಿವಾಳವು ಹುಟ್ಟಿದ ಊರಿನಲ್ಲಿ, ಮೂವತ್ತನಾಲ್ಕು ವರ್ಷಗಳ ತರುವಾಯ, ನಿಜವಾದ ಪಾರಿವಾಳದ ಒಂದು ಕುಲವೇ ಮುಗಿಯಿತು. ಉಪಾಯವನ್ನು ಹುಡುಗರ ಆಟವೇ ತೋರಿಸಿಕೊಟ್ಟಿದ್ದಿತು. ಹಿರಿಯರು ಅದನ್ನು ಒಪ್ಪಿಕೊಳ್ಳುವಲ್ಲಿ ತಡಮಾಡಿದರು.