ಪಡಿಯೂರಿನ ಹಸಿರು ಕಲ್ಲು, ಪ್ಲಿನಿಯ ದೂರು

ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಸತ್ತ ರೋಮಿನ ಪ್ಲಿನಿ, ತನ್ನ ನಿಸರ್ಗ ಚರಿತ್ರೆಯ 37ನೆಯ ಸಂಪುಟದಲ್ಲಿ ಭಾರತೀಯರ ಮೇಲೊಂದು ದೂರು ಬರೆದಿಟ್ಟು ಹೋಗಿದ್ದಾನೆ. ಇವರು ಸ್ಫಟಿಕಕ್ಕೆ ಬಣ್ಣ ಕೂರಿಸಿ ರತ್ನಗಳನ್ನು, ಅದರಲ್ಲೂ ಬೆರಿಲ್ ಕಲ್ಲನ್ನು ನಕಲು ಮಾಡುತ್ತಾರೆ ಎಂಬುದು ಆ ದೂರು. ಕಡಲ ನೀರಿನ ತಿಳಿಹಸಿರು ಬಣ್ಣದ ಈ ಕಲ್ಲಿಗೆ ರೋಮಿನಲ್ಲಿ ಆಗ ಎಲ್ಲಿಲ್ಲದ ಬೇಡಿಕೆ. ಅದು ಎಲ್ಲಿಂದ ಬಂತು ಎಂದು ಕೇಳಿದರೆ ಇತಿಹಾಸಕಾರರು ಮೊದಲು ಬೆರಳು ಮಾಡುವುದು ಇಂದಿನ ತಿರುಪ್ಪೂರು ಜಿಲ್ಲೆಯ ಕಾಂಗೇಯಂ ಹತ್ತಿರದ ಪಡಿಯೂರಿನ ಕಡೆಗೆ. 1799ರವರೆಗೆ ಮೈಸೂರಿಗೆ ಸೇರಿದ್ದ ಸೀಮೆ ಇದು. 1819-20ರ ಸುಮಾರಿಗೆ ಹೀತ್ ಎಂಬ ಇಂಗ್ಲಿಷಿನವನು ಇಲ್ಲಿ ಮತ್ತೆ ಗಣಿ ತೋಡಿಸಿ ಅಕ್ವಮರೀನ್ ತೆಗೆಸಿದ. ಅದೂ ಬೆರಿಲ್‌ನ ಒಂದು ಬಗೆಯೇ. ಹಾಗಾದರೆ ಈ ಸೀಮೆ ಸೇರಿದ ಕೊಂಗು ನಾಡಿನ ಹಳೆಯ ಮಣಿಯೊಂದು ಕೈಗೆ ಬಂದಾಗ ಅದು ಅಸಲಿಯೋ ನಕಲಿಯೋ ಎಂದು ತಿಳಿಯುವುದು ಹೇಗೆ? ಕಲ್ಲನ್ನೇ ಪರೀಕ್ಷಿಸಿ ಎನ್ನುವುದು ಎಲ್ಲರಿಗೂ ತೋಚುವ ಉತ್ತರ. ಅದು ಅರ್ಧ ಉತ್ತರ ಮಾತ್ರ ಎಂಬುದು ನನ್ನ ವಾದ.

ಆ ಅರ್ಧ ಉತ್ತರವೂ ಸಣ್ಣದಲ್ಲ. ಪ್ಲಿನಿ ಹೇಳುವ ಪರೀಕ್ಷೆಗಳು ಇಂದಿಗೂ ರತ್ನಪಡಿ ವ್ಯಾಪಾರಿಗಳಿಗೆ ಅಪರಿಚಿತವೇನಲ್ಲ: ಬೆಳಗಿನ ಬೆಳಕಿನಲ್ಲಿ ನೋಡು, ತೂಗಿ ನೋಡು, ಬಾಯಲ್ಲಿಟ್ಟು ತಣ್ಣಗಿದೆಯೇ ನೋಡು, ಒಳಗೆ ಗುಳ್ಳೆ ಇದೆಯೇ ಹುಡುಕು, ಅರದಿಂದ ಉಜ್ಜು. ಅರಕ್ಕೆ ಗಾಜು ಸಿಕ್ಕಿಬೀಳುತ್ತದೆ, ಸ್ಫಟಿಕ ಸಿಕ್ಕಿಬೀಳುವುದಿಲ್ಲ. ಬೆರಿಲ್‌ನಷ್ಟು ಅಲ್ಲದಿದ್ದರೂ ಅದೂ ಉಕ್ಕಿಗಿಂತ ಗಟ್ಟಿ. ನಕಲಿ ಮಾಡುವವರು ಸ್ಫಟಿಕವನ್ನೇ ಆರಿಸಿಕೊಂಡದ್ದು ಸುಮ್ಮನೆ ಅಲ್ಲ. ಆದರೆ ಸ್ಫಟಿಕ ಬಣ್ಣ ಕುಡಿಯುವ ಕಲ್ಲಲ್ಲ. ಅದನ್ನು ಕಾಯಿಸಿ ತಟ್ಟನೆ ತಣಿಸಿದರೆ ಮೈಯೆಲ್ಲ ಕೂದಲೆಳೆಯ ಬಿರುಕು ಬಿಡುತ್ತದೆ, ಬಣ್ಣ ಆ ಬಿರುಕುಗಳೊಳಗೆ ಇಳಿಯುತ್ತದೆ. ಭೂತಗನ್ನಡಿ ಹಿಡಿದರೆ ಹಸಿರು ಕಲ್ಲಿನ ತುಂಬ ಹರಡಿರುವುದಿಲ್ಲ. ಬಿರುಕಿನ ಜಾಡಿನಲ್ಲಿ ಗೆರೆಗೆರೆಯಾಗಿ ನಿಂತಿರುತ್ತದೆ, ನಡುವಿನ ಭಾಗ ಬಣ್ಣವಿಲ್ಲದೆ ಬೆಳ್ಳಗೆ ಕಾಣುತ್ತದೆ. ಇಂದಿನ ಪ್ರಯೋಗಾಲಯಕ್ಕೆ ಇಷ್ಟೂ ಬೇಡ. ಬೆಳಕನ್ನು ಬಾಗಿಸುವ ಪ್ರಮಾಣ ಸ್ಫಟಿಕದಲ್ಲಿ 1.544ರಿಂದ 1.553, ಬೆರಿಲ್‌ನಲ್ಲಿ ಸುಮಾರು 1.57ರಿಂದ 1.58, ಒಂದು ಸಣ್ಣ ಉಪಕರಣ ನಿಮಿಷದಲ್ಲಿ ತೀರ್ಪು ಕೊಡುತ್ತದೆ. ಇನ್ನು ಈ ಕೈಚಳಕ ಭಾರತದ ಗುತ್ತಿಗೆ ಎಂಬ ಪ್ಲಿನಿಯ ಧಾಟಿಯನ್ನು ಪೂರ್ತಿ ನಂಬಬೇಕಿಲ್ಲ. ಈಜಿಪ್ಟಿನಲ್ಲಿ ಸಿಕ್ಕಿ ಈಗ ಸ್ಟಾಕ್‌ಹೋಮ್ ಪಪೈರಸ್ ಎಂದು ಹೆಸರಾಗಿರುವ ಗ್ರೀಕ್ ಹಸ್ತಪ್ರತಿಯಲ್ಲಿ ಸ್ಫಟಿಕಕ್ಕೆ ಬಣ್ಣ ಕಟ್ಟಿ ಪಚ್ಚೆ, ಬೆರಿಲ್ ಮಾಡುವ ವಿಧಾನಗಳೇ ಇವೆ. ಇಂಥ ಪುಸ್ತಕಗಳಿವೆಯೆಂದು ಪ್ಲಿನಿಗೂ ಗೊತ್ತಿತ್ತು, ಬರೆದವರ ಹೆಸರು ಹೇಳಲಾರೆ ಎಂದು ಜಾರಿಕೊಂಡ. ಬೆರಿಲ್‌ಗೆ ಆರು ಮುಖ ಕೊಡುವವರು ಕುಶಲಕರ್ಮಿಗಳು ಎಂದೂ ಅವನು ಬರೆದ. ಹುಟ್ಟಿನಿಂದಲೇ ಆ ಹರಳಿಗೆ ಆರು ಮುಖ. ಹಾಗೆಂದು ನಂಬುವವರೂ ಇದ್ದಾರೆ ಎಂದು ಮಾತ್ರ ಅವನು ಸೇರಿಸಿದ.

ಉಪಕರಣ ಹೇಳುವುದು ಕಲ್ಲು ಯಾವುದು ಎಂದು. ಮಣಿಯಾದದ್ದು ಯಾವಾಗ, ಎಲ್ಲಿ ಎಂದು ಅದು ಹೇಳುವುದಿಲ್ಲ. ನಿನ್ನೆ ಕೊರೆದ ಬೆರಿಲ್ ಮಣಿಯೂ ಅದೇ ಅಂಕಿ ತೋರಿಸುತ್ತದೆ. ವಸ್ತು ಎಲ್ಲಿಯದೆಂದು ತಿಳಿಯದಿದ್ದರೆ ತೆರಬೇಕಾದ ಬೆಲೆ ಏನೆಂದು ಪಳೆಯುಳಿಕೆಗಳ ಲೋಕ ನಮ್ಮ ದೇಶದಲ್ಲೇ ಕಲಿತಿದೆ. 1989ರಲ್ಲಿ ಆಸ್ಟ್ರೇಲಿಯದ ಜಾನ್ ಟ್ಯಾಲೆಂಟ್ ಅವರು, ಪಂಜಾಬ್ ವಿಶ್ವವಿದ್ಯಾಲಯದ ಒಬ್ಬ ಭೂವಿಜ್ಞಾನಿ ಹಿಮಾಲಯದ್ದೆಂದು ದಶಕಗಳಿಂದ ಪ್ರಕಟಿಸುತ್ತ ಬಂದಿದ್ದ ಪಳೆಯುಳಿಕೆಗಳನ್ನು ನೇಚರ್ ಪತ್ರಿಕೆಯಲ್ಲಿ ಪ್ರಶ್ನಿಸಿದರು. ಅವು ಪ್ಲಾಸ್ಟರಿನಲ್ಲಿ ಅಚ್ಚು ಹೊಯ್ದವಲ್ಲ, ಅಪ್ಪಟ ಪಳೆಯುಳಿಕೆಗಳೇ. ಆದರೆ ನ್ಯೂಯಾರ್ಕ್, ಮೊರಾಕೊಗಳಲ್ಲಿ ಸಿಗುವಂಥವು. ವಸ್ತು ನಿಜ, ವಿಳಾಸ ಸುಳ್ಳು. ಹಿಮಾಲಯದ ಶಿಲಾಚರಿತ್ರೆಯನ್ನು ಆ ವಿಳಾಸ ಕೆಡಿಸಿದಷ್ಟು ಯಾವ ಅಚ್ಚೂ ಕೆಡಿಸುತ್ತಿರಲಿಲ್ಲ. ಕೊಯಮತ್ತೂರು, ತಿರುಪ್ಪೂರಿನ ನೆಲಕ್ಕೆ ಇದನ್ನು ಅನ್ವಯಿಸಿದರೆ ವಿಷಯ ಇನ್ನೂ ಸುಲಭ. ಇಲ್ಲಿನ ತಳಪಾಯ ಭೂಗರ್ಭದ ಕಾವಿನಲ್ಲಿ ಬೆಂದು ರೂಪಾಂತರಗೊಂಡ ಗಟ್ಟಿ ಶಿಲೆ. ಇಲ್ಲಿನ ಬಂಡೆಯಲ್ಲೇ ಸಿಕ್ಕಿತು ಎಂದು ಯಾರಾದರೂ ಸುರುಳಿಶಂಖದ ಪಳೆಯುಳಿಕೆ ಮಾರಿದರೆ ಭೂತಗನ್ನಡಿ ತೆಗೆಯುವ ಮೊದಲೇ ಅನುಮಾನಿಸಬಹುದು. ಅಂಥದಕ್ಕೆ ಅರಿಯಲೂರಿನ ಸಮುದ್ರಶಿಲೆಯ ಕಡೆ ಹೋಗಬೇಕು. ಬೆರಿಲ್‌ಗಾದರೋ ಇದೇ ಬಂಡೆಗಳ ಸಂದಿಯ ಶಿಲಾಸಿರೆಗಳು ತವರು.

ಈ ಕಾರಣಕ್ಕೇ ಕೊಂಗಿನ ರತ್ನೋದ್ಯಮಕ್ಕೆ ಅತ್ಯುತ್ತಮ ಸಾಕ್ಷಿ ಯಾವುದೋ ವಸ್ತುಸಂಗ್ರಹಾಲಯದ ಹೊಳೆಯುವ ಹಾರವಲ್ಲ, ನೊಯ್ಯಲ್ ನದಿಯ ದಂಡೆಯ ಕೊಡುಮಣಲ್‌ನ ಕಸ. ಊರು ಈಗ ಈರೋಡ್ ಜಿಲ್ಲೆಗೆ ಸೇರಿದೆ, ಆದರೆ ಪಡಿಯೂರಿನ ಸೀಮೆಗೆ ಆಚೀಚೆಯದೇ. 1985ರಿಂದ ತಂಜಾವೂರಿನ ತಮಿಳು ವಿಶ್ವವಿದ್ಯಾಲಯ ಅಲ್ಲಿ ಅಗೆದಾಗ ಬೆರಿಲ್, ನೀಲ, ಸ್ಫಟಿಕಗಳು ಕಚ್ಚಾ ಕಲ್ಲಿನಿಂದ ಹಿಡಿದು ನಯಗೊಳಿಸಿದ ಮಣಿಯವರೆಗೆ ಬೇರೆ ಬೇರೆ ಹಂತಗಳಲ್ಲಿ ಸಿಕ್ಕವು, ಜೊತೆಗೆ ಚಕ್ಕೆ, ಒಡಕು. ನಕಲಿ ಮಾಡುವವನು ಹಾರ ಮಾಡುತ್ತಾನೆ. ಹಾಳಾದ ಮಣಿಯನ್ನೂ ಚಕ್ಕೆಗಳನ್ನೂ ಮಾಡಿ, ಬ್ರಾಹ್ಮಿ ಅಕ್ಷರದ ಮಡಕೆಚೂರಿನೊಂದಿಗೆ ಪದರ ತಪ್ಪದಂತೆ ಹೂಳುವ ಶ್ರಮ ಅವನಿಗೆ ಗಿಟ್ಟದು.

ಆದರೆ ಕಸದ ಸಾಕ್ಷಿಗೂ ಮಿತಿಯಿದೆ. ಮಣಿ ಇಲ್ಲಿ ತಯಾರಾಯಿತು ಎಂದು ಅದು ಹೇಳುತ್ತದೆ, ರೋಮಿಗೆ ಹೋಯಿತು ಎಂದಲ್ಲ. ಮದರಾಸ್ ಸಿವಿಲ್ ಸರ್ವಿಸ್‌ನ ವಾಲ್‌ಹೌಸ್ 1876ರ ಇಂಡಿಯನ್ ಆಂಟಿಕ್ವೆರಿಯಲ್ಲಿ ಕೊಯಮತ್ತೂರು ಸೀಮೆಯ ರೋಮನ್ ನಾಣ್ಯಗಳನ್ನು ಬೆರಿಲ್ ಗಣಿಯೊಂದಿಗೆ ಜೋಡಿಸಿ ಬರೆದ. ವೆಳ್ಳಲೂರಿನ ಬೆಳ್ಳಿ ನಾಣ್ಯಗಳ ನಿಧಿಗಳು ಆ ಊಹೆಗೆ ಬಲ ಕೊಟ್ಟವು. ಅದು ಒಳ್ಳೆಯ ಊಹೆ, ಆದರೂ ಊಹೆಯೇ: ಪಾಲಕ್ಕಾಡ್ ಕಣಿವೆಯ ದಾರಿ ಇಲ್ಲೇ ಹಾಯುತ್ತದೆ, ಆ ದಾರಿಯಲ್ಲಿ ಮೆಣಸೂ ಬಟ್ಟೆಯೂ ಓಡಾಡಿದವು, ಬೆರಿಲ್ ಶ್ರೀಲಂಕೆಯಲ್ಲೂ ಸಿಗುತ್ತದೆ. ಊಹೆಯನ್ನು ಊಹೆಯೆಂದೇ ಹೇಳಿದರೆ ತಪ್ಪಿಲ್ಲ. ಮುರಿದ ಮೂಳೆಯ ಪಳೆಯುಳಿಕೆಗೆ ಪ್ಲಾಸ್ಟರ್ ತುಂಬಿ ನಿಲ್ಲಿಸುವುದು ಮೋಸವಲ್ಲ, ತುಂಬಿದ ಭಾಗಕ್ಕೂ ಮೂಳೆಯ ಬಣ್ಣ ಬಳಿದು ಮುಚ್ಚಿಟ್ಟರೆ ಮೋಸ. ರೋಮಿನ ರಾಣಿಯರ ಕೊರಳಿನ ಕಲ್ಲೆಲ್ಲ ಪಡಿಯೂರಿನದು ಎಂಬ ಅಭಿಮಾನದ ಮಾತು ಆ ಎರಡನೆಯ ಬಗೆಯದು.

ಹಾಗಾದರೆ ಎಲ್ಲಿ ಸಿಕ್ಕಿತೆಂಬ ದಾಖಲೆಯಿಲ್ಲದೆ ಹಳೆಯ ಸಂಗ್ರಹಗಳಲ್ಲಿ ಕೂತಿರುವ ಸಾವಿರಾರು ಮಣಿಗಳು ಬರಿಯ ಗಾಜಿಗೆ ಸಮವೇ ಎಂದು ಕೇಳಬಹುದು. ಅಲ್ಲ. ಅವು ರತ್ನಗಳಾಗಿಯೇ ಉಳಿಯುತ್ತವೆ, ಕಸುಬಿನ ಕೈಗುಣವನ್ನೂ ತೋರಿಸುತ್ತವೆ. ಪಡಿಯೂರಿನ ಬಗ್ಗೆ ಸಾಕ್ಷಿ ಹೇಳಲು ಮಾತ್ರ ಅವನ್ನು ಕರೆಯುವಂತಿಲ್ಲ. ಅದಕ್ಕೇ ಉಳುವಾಗಲೋ ಮಳೆ ಸುರಿದ ಮೇಲೋ ಹೊಲದಲ್ಲಿ ಮಣಿ ಕಂಡರೆ ತೊಳೆದು ಪೇಟೆಗೆ ಒಯ್ಯಬೇಡಿ. ಯಾವ ಹೊಲ, ಎಷ್ಟು ಆಳ, ಜೊತೆಗೆ ಏನಿತ್ತು ಎಂದು ಬರೆದಿಟ್ಟು ಪುರಾತತ್ವ ಇಲಾಖೆಗೆ ತಿಳಿಸಿ. ನೆಲದಲ್ಲಿ ಹುದುಗಿದ್ದ, 10 ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು 1878ರ ನಿಧಿ ಕಾಯ್ದೆಯೂ ಹೇಳುತ್ತದೆ.