ಯಳಂದೂರು ಸೀಮೆಯ ಜೈನ ಪರಂಪರೆಯೂ ಇಂದಿನ ಪ್ರವಾಸೋದ್ಯಮವೂ

ಸುವರ್ಣಾವತೀ ನದಿಯ ತೀರದ ಯಳಂದೂರು ಇಂದು ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗುವವರ ದಾರಿಯ ಊರೆಂದೇ ಹೆಚ್ಚು ಪರಿಚಿತವಾಗಿದೆ. 1974ರಲ್ಲಿ ವನ್ಯಧಾಮವಾಗಿಯೂ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಗಿಯೂ ಘೋಷಿತವಾದ ಆ ಕಾಡನ್ನು ಕಾಣಲು ನಾಡಿನ ನಾನಾ ಕಡೆಗಳಿಂದ ಜನ ಬರುತ್ತಾರೆ. ಊರಿನಲ್ಲಿ ಅರೆಗಳಿಗೆ ತಂಗುವವರು ಗೌರೀಶ್ವರ ದೇವಾಲಯದ ಬಳೆಮಂಟಪವನ್ನೂ ಅದರ ಕಲ್ಲುಬಳೆಗಳನ್ನೂ ನೋಡಿ ಬೆರಗಾಗುತ್ತಾರೆ. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತ ಊರಿದು ಎಂಬುದನ್ನೂ ಕೆಲವರು ಅರಿತಿರುತ್ತಾರೆ. ಆದರೆ ಈ ಸೀಮೆಯ ಚರಿತ್ರೆಯಲ್ಲಿ ಜೈನಧರ್ಮೀಯರ ಪಾಲೇನೆಂಬುದನ್ನು ಅರಿತು ಮುಂದಕ್ಕೆ ಹೋಗುವವರು ವಿರಳ.

ಹದಿನೇಳನೆಯ ಶತಮಾನದಲ್ಲಿ ಮೈಸೂರಿನ ಸಿಂಹಾಸನವನ್ನೇರಿದ ಚಿಕ್ಕದೇವರಾಜ ಒಡೆಯರಿಗೆ ಪ್ರಧಾನನಾಗಿದ್ದವನು ಯಳಂದೂರಿನ ಜೈನ ವಿದ್ವಾಂಸ ವಿಶಾಲಾಕ್ಷ ಪಂಡಿತ. ಅರಸನಾಗುವ ಮುನ್ನವೇ ಬೆಳೆದಿದ್ದ ಸ್ನೇಹವನ್ನು ಒಡೆಯರು ಪಟ್ಟವೇರಿದ ಮೇಲೂ ಮರೆಯಲಿಲ್ಲ. 1673ರಿಂದ ಸುಮಾರು ಹದಿಮೂರು ವರ್ಷ ರಾಜ್ಯಭಾರದ ಹೊರೆಯನ್ನು ಹೊತ್ತ ಪಂಡಿತನು 1686ರಲ್ಲಿ ಕೊಲೆಗೀಡಾದನು. ಅದೇ ಅರಸನ ಆಶ್ರಯದಲ್ಲಿ ‘ಹದಿಬದೆಯ ಧರ್ಮ’ವನ್ನು ರಚಿಸಿದ ಸಂಚಿಯ ಹೊನ್ನಮ್ಮನೂ ಯಳಂದೂರಿನವಳೇ. ‘ರಾಜಶೇಖರ ವಿಳಾಸ’ದ ಕರ್ತೃ ಷಡಕ್ಷರದೇವನಿಗೂ ಈ ಊರಿನೊಡನೆ ಸಂಬಂಧವಿತ್ತು. ಹೀಗೆ ನಾನಾ ಮತದ ವಿದ್ವಜ್ಜನರು ಕೂಡಿ ಬಾಳಿದ ನೆಲವಿದು.

ಇನ್ನೂ ಹಿಂದಕ್ಕೆ ಹೋದರೆ, ಇಂದಿನ ಚಾಮರಾಜನಗರವು ಅರಿಕುಠಾರವೆನಿಸಿದ್ದ ಕಾಲ ಎದುರಾಗುತ್ತದೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸಮಯ್ಯನು 1117ರ ವೇಳೆಗೆ ಅಲ್ಲಿ ಬಸದಿಯೊಂದನ್ನು ಕಟ್ಟಿಸಿದನು. ಬೇಲೂರಿನಲ್ಲಿ ಚೆನ್ನಕೇಶವನ ಪ್ರತಿಷ್ಠೆಯಾದದ್ದೂ 1117ರಲ್ಲಿಯೇ. ಒಬ್ಬನೇ ಅರಸನ ಆಳ್ವಿಕೆ, ಒಂದೇ ಕಾಲದ ಧರ್ಮಕಾರ್ಯ. ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು 2023ರ ಸೆಪ್ಟೆಂಬರ್ 18ರಂದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿ ಜಗದ್ವಿಖ್ಯಾತವಾದವು. ಅರಿಕುಠಾರದ ಬಸದಿಯನ್ನು ಹುಡುಕಿಕೊಂಡು ಬರುವವರ ಸಂಖ್ಯೆ ಇಂದಿಗೂ ಅಲ್ಪವೇ.

ಆದರೂ ಪುಣಿಸಮಯ್ಯನ ಶಾಸನವು ಸಾರುವ ಮಾತು ಶಿಲ್ಪವೈಭವಕ್ಕಿಂತ ಕಿರಿದಾದುದಲ್ಲ. ಕೆಟ್ಟುಹೋದ ವ್ಯಾಪಾರಿಗೆ, ಬಿತ್ತಲು ಬೀಜವಿಲ್ಲದ ಒಕ್ಕಲಿಗೆ, ಅಧಿಕಾರ ಕಳೆದುಕೊಂಡ ಬೇಡರ ನಾಯಕನಿಗೆ, ಅವರವರು ಕಳೆದುಕೊಂಡುದನ್ನು ಕೊಟ್ಟು ಆತನು ಕಾಪಾಡಿದನೆಂದು ಅದು ಹೇಳುತ್ತದೆ. ಬಸದಿ ಕಟ್ಟಿಸುವ ಕೈ ಬಡವನ ಅಂಗಡಿಯನ್ನೂ ಹೊಲವನ್ನೂ ಮರೆಯಲಾಗದೆಂಬ ಧರ್ಮಸೂಕ್ಷ್ಮವಿದು. ಈ ಅರ್ಥವನ್ನು ತಿಳಿಸುವವರಿಲ್ಲದಿದ್ದರೆ ಯಾತ್ರಿಕನ ಕಣ್ಣಿಗೆ ಅದೊಂದು ಅಕ್ಷರ ತುಂಬಿದ ಕಲ್ಲು ಮಾತ್ರ.

ರಾಜ್ಯ ಸರ್ಕಾರದ 2024-29ರ ಪ್ರವಾಸೋದ್ಯಮ ನೀತಿಯಲ್ಲಿ ಪರಂಪರೆಗೂ ತೀರ್ಥಕ್ಷೇತ್ರಗಳಿಗೂ ಸ್ಥಾನವಿದೆ. 1991ರಲ್ಲಿ ಸ್ಥಾಪಿತವಾದ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟ್ ಸರ್ಕಾರದೊಡನೆಯೂ ಊರವರೊಡನೆಯೂ ಕೈಜೋಡಿಸಿ ಅನೇಕ ಜೀರ್ಣ ದೇವಾಲಯ, ಬಸದಿಗಳನ್ನು ಉದ್ಧರಿಸಿದೆ. ಇವೆಲ್ಲವೂ ಸ್ತುತ್ಯರ್ಹವೇ. ಆದರೆ ರಸ್ತೆ, ಫಲಕ, ವಿದ್ಯುದ್ದೀಪಗಳನ್ನು ಸರ್ಕಾರ ಒದಗಿಸಬಹುದು. ನಿತ್ಯದ ಅಭಿಷೇಕವನ್ನೂ ಸ್ವಾಧ್ಯಾಯವನ್ನೂ ಒದಗಿಸಲಾರದು. ಶ್ರಾವಕರ ಮನೆಗಳು ಉದ್ಯೋಗಕ್ಕಾಗಿ ನಗರಗಳಿಗೆ ತೆರಳಿ ಬಸದಿಯ ಬಾಗಿಲು ಮುಚ್ಚಿದರೆ, ಉಳಿಯುವುದು ಸ್ಮಾರಕವೇ ಹೊರತು ಜಿನಾಲಯವಲ್ಲ.

ಜೀರ್ಣೋದ್ಧಾರದ ಉತ್ಸಾಹದಲ್ಲಿಯೂ ಎಚ್ಚರ ಬೇಕು. ಹಳೆಯ ಶಿಲೆಗೆ ಎಣ್ಣೆಬಣ್ಣ ಬಳಿಯುವುದು, ಶಾಸನದ ಮೇಲೆ ಸಿಮೆಂಟು ಮೆತ್ತುವುದು, ಪೂರ್ವಜರ ದಾನಶಾಸನವನ್ನು ಮರೆಮಾಡಿ ಹೊಸ ದಾನಿಗಳ ಹೆಸರಿನ ಫಲಕ ನಿಲ್ಲಿಸುವುದು ಭಕ್ತಿಯಿಂದಲೇ ನಡೆಯುವ ಹಾನಿಗಳು. ಯಳಂದೂರು ಸೀಮೆಯ ಶಾಸನಗಳನ್ನು 1898ರಲ್ಲಿಯೇ ಬಿ. ಎಲ್. ರೈಸ್‌ರವರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ನಾಲ್ಕನೆಯ ಸಂಪುಟದಲ್ಲಿ ಪ್ರಕಟಿಸಿದರು. ಪರದೇಶದವರೊಬ್ಬರು ಓದಿಸಿ ಉಳಿಸಿದುದನ್ನು ಸ್ವಂತ ಮಕ್ಕಳು ಓದದೆ ಅಳಿಸಿದರೆ ಅದಕ್ಕಿಂತ ವಿಷಾದಕರವಾದುದು ಬೇರೆಯಿಲ್ಲ.

ಮಲೆಯೂರಿನ ಕನಕಗಿರಿಯಲ್ಲಿ ಜನಿಸಿದ ದೇವಚಂದ್ರನು ಹತ್ತೊಂಬತ್ತನೆಯ ಶತಮಾನದಲ್ಲಿ ‘ರಾಜಾವಳಿ ಕಥೆ’ಯನ್ನು ಬರೆದು ಈ ನಾಡಿನ ಜೈನರ ನೆನಪುಗಳನ್ನು ಕಾಪಾಡಿದನು. ಅವನ ಕಾರ್ಯವು ಇಂದಿನವರಿಗೆ ಮೇಲ್ಪಂಕ್ತಿಯಾಗಬೇಕು. ಪ್ರತಿ ಬಸದಿಯಲ್ಲಿಯೂ ಅದರ ಶಾಸನದ ತಾತ್ಪರ್ಯವನ್ನು ತಿಳಿಗನ್ನಡದಲ್ಲಿ ಬರೆದಿಡಬೇಕು. ಬಂದವರಿಗೆ ಅದನ್ನು ವಿವರಿಸಲು ಊರಿನ ಯುವಕ ಯುವತಿಯರನ್ನು ಸಿದ್ಧಗೊಳಿಸಬೇಕು. ದರ್ಶನದ ವೇಳೆಯನ್ನೂ ಪಾಲಿಸಬೇಕಾದ ಶುಚಿತ್ವವನ್ನೂ ವಿನಯದಿಂದ ತಿಳಿಸಬೇಕು. ಆಗ ಪ್ರವಾಸಿಯಾಗಿ ಬಂದವನು ಯಾತ್ರಿಕನಾಗಿ ಮರಳುತ್ತಾನೆ.

ಪ್ರತಿಷ್ಠೆಯೆಂಬುದು ಬಿಂಬವನ್ನು ಪೀಠದ ಮೇಲೆ ನೆಲೆಗೊಳಿಸುವ ದಿನದೊಂದಿಗೆ ಮುಗಿಯುವ ಕಾರ್ಯವಲ್ಲ. ಮರುದಿನ ಬೆಳಿಗ್ಗೆ ಬಾಗಿಲು ತೆರೆಯುವವನಿಂದಲೇ ಅದು ಮುಂದುವರಿಯುತ್ತದೆ. ಪುಣಿಸಮಯ್ಯನ ಬಸದಿ ಒಂಬತ್ತು ಶತಮಾನ ಉಳಿದಿದೆ. ಇಂದಿನವರು ಪ್ರತಿಷ್ಠಿಸುವ ಬಸದಿಗಳೂ ಹಾಗೆಯೇ ಉಳಿಯಲೆಂಬುದು ಸಮಸ್ತ ಶ್ರಾವಕ ಸಮಾಜದ ಸಂಕಲ್ಪವಾಗಲಿ.